ಊರಿಗೆ ಕೋರ್ಟು ಬರ್ತದೆ ಅಂತ ಬರೆದವರು ನಾವೇ

ಕರೋಶಿಯಲ್ಲಿರುವ ನಮ್ಮ ಕಾಕಾರ ಕಿಸೆಯಲ್ಲಿ ಒಂದು ಪೇಪರ್ ಕಟಿಂಗ್ ಇದೆ. ಮಡಚಿ ಮಡಚಿ, ಗೆರೆ ಬಿದ್ದ ಕಡೆ ಹರಿದಿದೆ. ‘ಇನ್ನು ಊರಿಗೇ ಬರಲಿದೆ ಕೋರ್ಟು’ ಅನ್ನೋ ಅದರ ಹೆಡ್ಡಿಂಗ್ ನಾವೇ ಕೊಟ್ಟದ್ದು.

“ಯಾವಾಗ ಬರ್ತೈತೋ ತಮ್ಮಾ, ನಿಮ್ಮ ಕೋರ್ಟು?” ಹಬ್ಬಕ್ಕೆ ಹೋದಾಗಲೆಲ್ಲ ಕಾಕಾ ಕೇಳುತ್ತಾರೆ. ದನಿಯಲ್ಲಿ ಸಿಟ್ಟಿರುವುದಿಲ್ಲ. ಅದಕ್ಕೇ ನಮಗೆ ಹೆಚ್ಚು ನಾಚಿಕೆ.

ಕಾಕಾರದು ಪಾಲಿನ ಬಾವಿಯ ತಕರಾರು. ಅಜ್ಜನ ಕಾಲದಿಂದ ನೀರಿನ ಪಾಳಿ ಬಾಯಿಮಾತಿನ ಮೇಲೆಯೇ ನಡೆದಿತ್ತು. ಒಬ್ಬರ ಪಾಲು ಮಾರಾಟವಾಯಿತು, ಕೊಂಡವರು ಪಾಳಿ ಒಪ್ಪಲಿಲ್ಲ, ಕಬ್ಬು ಒಣಗಿತು. ವ್ಯಾಜ್ಯ ಕೋರ್ಟಿಗೆ ಹೋಯಿತು. ಪ್ರತಿ ತಾರೀಖಿಗೂ ಬಸ್ ಚಾರ್ಜು, ವಕೀಲರ ಫೀ, ಸಾಕ್ಷಿ ಹೇಳಲು ಬಂದವರ ಊಟ, ಮೇಲೆ ಒಂದು ದಿನದ ಕೆಲಸ ಹಾಳು. ಸಾಕ್ಷಿಯವರು ಎರಡು ಸಲ ಬಂದರು, ಮೂರನೇ ಸಲ ಫೋನ್ ಎತ್ತಲಿಲ್ಲ. ಯಾರನ್ನು ಬೈಯುವುದು? ಅವರಿಗೂ ಹೊಲವಿದೆ.

ಅಂಥ ಹೊತ್ತಿನಲ್ಲಿ ಗ್ರಾಮ ನ್ಯಾಯಾಲಯದ ಘೋಷಣೆ ಬಂತು, ನಾವು ಸುದ್ದಿ ಕಳಿಸಿದೆವು. ಸ್ಟ್ರಿಂಗರ್ ಕೆಲಸ ನಿಮಗೆ ಗೊತ್ತಲ್ಲ, ಸುದ್ದಿಗಿಷ್ಟು ಅಂತ ದುಡ್ಡು. ಕೈಯಲ್ಲಿದ್ದದ್ದು ಒಂದು ಹೇಳಿಕೆ ಮಾತ್ರ, ಕಾಯ್ದೆ ಓದಿರಲಿಲ್ಲ. ಕಾಕಾ ಮೂರನೇ ಸಲ ಕೇಳಿದ ಮೇಲೆ ಓದಿದೆವು.

ಕಾಯ್ದೆ 2008ರದು, ಜಾರಿಗೆ ಬಂದದ್ದು 2009ರ ಅಕ್ಟೋಬರ್ 2ಕ್ಕೆ. ಈ ಕೋರ್ಟಿನಲ್ಲಿ ಕೂರುವವರಿಗೆ ‘ನ್ಯಾಯಾಧಿಕಾರಿ’ ಅಂತಾರೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಆಗುವ ಅರ್ಹತೆ ಇದ್ದವರನ್ನೇ, ಹೈಕೋರ್ಟಿನ ಜೊತೆ ಸಮಾಲೋಚಿಸಿ ಸರ್ಕಾರ ನೇಮಿಸಬೇಕು. ಸಣ್ಣ ಕ್ರಿಮಿನಲ್ ಕೇಸು, ಕೂಲಿ ಬಾಕಿ, ನೀರಿನ ಕಾಲುವೆ ಇವೆಲ್ಲ ಅವರ ವ್ಯಾಪ್ತಿಗೆ ಬರುತ್ತವೆ. ಬಾವಿಯಿಂದ ನೀರು ಎತ್ತುವ ಹಕ್ಕು ಅಂತ ಸ್ಪಷ್ಟವಾಗಿಯೇ ಬರೆದಿದೆ. ಸಿವಿಲ್ ದಾವೆಯ ಶುಲ್ಕ 100 ರೂಪಾಯಿ ಮೀರುವಂತಿಲ್ಲ, ಆರು ತಿಂಗಳಲ್ಲಿ ಮುಗಿಸಬೇಕು. ಕಾಕಾರಿಗೆ ಅಂತಲೇ ಬರೆದಂತಿತ್ತು.

(ಊರಲ್ಲಿ ತಹಶೀಲ್ದಾರರನ್ನೂ ಮ್ಯಾಜಿಸ್ಟ್ರೇಟ್ ಅಂತಾರೆ. ತಪ್ಪಲ್ಲ, ಅವರು ತಾಲೂಕಿನ ಕಾರ್ಯನಿರ್ವಾಹಕ ದಂಡಾಧಿಕಾರಿ. ಶಾಂತಿ ಕಾಪಾಡ್ತೀವಿ ಅಂತ ಬಾಂಡ್ ಬರೆಸಿಕೊಳ್ಳಬಹುದು. ಬಾವಿಯಲ್ಲಿ ಯಾರ ಪಾಲೆಷ್ಟು ಅಂತ ಡಿಕ್ರಿ ಕೊಡುವುದು ಸಿವಿಲ್ ಕೋರ್ಟಿನ ಕೆಲಸ.)

ನಮ್ಮ ಹೆಡ್ಡಿಂಗ್ ಸುಳ್ಳಾದದ್ದು ಮುಂದಿನ ಪುಟದಲ್ಲಿ. ಗ್ರಾಮ ನ್ಯಾಯಾಲಯದ ಕೇಂದ್ರಸ್ಥಾನ ಸಾಮಾನ್ಯವಾಗಿ ತಾಲೂಕು ಪಂಚಾಯ್ತಿ ಇರುವ ಊರಿನಲ್ಲೇ. ಅಂದರೆ ನಮಗೆ ಚಿಕ್ಕೋಡಿ. ಕೋರ್ಟು ಮಂಜೂರಾಗಿ ಕಟ್ಟಡ ಎದ್ದರೂ ಕಾಕಾ ಬಸ್ ಹತ್ತಬೇಕು! ಕರೋಶಿಗೆ ಕೋರ್ಟು ಬರುವುದು ನ್ಯಾಯಾಧಿಕಾರಿ ಆಗಾಗ ಹಳ್ಳಿಗೆ ಹೋಗಿ ಕಲಾಪ ನಡೆಸಬೇಕು ಅನ್ನೋ ಕಲಮಿನಿಂದ. ಅದಕ್ಕೆ ರಾಜ್ಯ ಸರ್ಕಾರ ವಾಹನ ಸಹಿತ ಸೌಲಭ್ಯ ಕೊಡಬೇಕು ಅಂತಲೂ ಇದೆ. ನಮಗೆ ಮುಖ್ಯವಾದದ್ದು ಆ ವಾಹನ.

ಇನ್ನು ದುಡ್ಡಿನ ಲೆಕ್ಕ. ಕೇಂದ್ರದ ಯೋಜನೆಯಲ್ಲಿ ಒಂದು ಗ್ರಾಮ ನ್ಯಾಯಾಲಯಕ್ಕೆ ಒಂದು ಸಲದ ನೆರವು 18 ಲಕ್ಷ: ಕಟ್ಟಡಕ್ಕೆ 10, ವಾಹನಕ್ಕೆ 5, ಕಚೇರಿ ಸಾಮಾನಿಗೆ 3. ಆಮೇಲೆ ನಡೆಸುವ ಖರ್ಚಿನಲ್ಲಿ ಅರ್ಧ, ಅದೂ ವರ್ಷಕ್ಕೆ 3.2 ಲಕ್ಷದ ಮಿತಿಯೊಳಗೆ, ಮೊದಲ ಮೂರು ವರ್ಷ ಮಾತ್ರ. ಈಗ ಕಿರಿಯ ಸಿವಿಲ್ ನ್ಯಾಯಾಧೀಶರ ಆರಂಭದ ಮೂಲ ವೇತನವೇ ತಿಂಗಳಿಗೆ 77,840 ರೂಪಾಯಿ. ಹನ್ನೆರಡು ತಿಂಗಳಿಗೆ 9,34,080. ಇನ್ನೂ ಗುಮಾಸ್ತ, ಟೈಪಿಸ್ಟ್, ಪಟ್ಟೇವಾಲಾ, ಡ್ರೈವರ್ ಯಾರೂ ಲೆಕ್ಕಕ್ಕೆ ಬಂದಿಲ್ಲ, ಡೀಸೆಲ್ ಹಾಕಿಲ್ಲ. ಉಳಿದದ್ದೆಲ್ಲ ರಾಜ್ಯದ ತಲೆ ಮೇಲೆ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಾಲ್ಕು ವಾರದಲ್ಲಿ ಅಧಿಸೂಚನೆ ಹೊರಡಿಸಿ ಅಂತ ರಾಜ್ಯಗಳಿಗೆ ಹೇಳಬೇಕಾಗಿ ಬಂತು ಅಂದರೆ, ರಾಜ್ಯಗಳಿಗೆ ಎಷ್ಟು ಉತ್ಸಾಹವಿತ್ತು ಅಂತ ನೀವೇ ನೋಡಿ. ಮಧ್ಯಪ್ರದೇಶ ಮಾತ್ರ ಮೊದಲೇ ಮುಂದೆ ಬಂದು 89 ಮಾಡಿತ್ತು.

ಖರ್ಚು ಉಳಿಸಲು ಪಂಚಾಯ್ತಿ ಸಭಾಭವನದಲ್ಲೇ ಕಲಾಪ ನಡೆಸಬಹುದಲ್ಲ ಅಂತ ಒಬ್ಬ ಗೆಳೆಯ ಅಂದ. ನಾವೂ ಮೊದಲು ಹೂಂ ಅಂದಿದ್ದೆವು. ಆಮೇಲೆ ಕಾಕಾ ಅಲ್ಲಿ ಕೂತದ್ದನ್ನು ಕಣ್ಣೆದುರು ತಂದುಕೊಂಡೆವು. ಇರುವುದು ಒಂದೇ ಬೆಂಚು, ಪಕ್ಕದಲ್ಲೇ ಎದುರು ಪಾರ್ಟಿ. ಕಿಟಕಿಗೆ ಅವರ ಮಂದಿ ಜೋತುಬಿದ್ದಿರುತ್ತಾರೆ. ಸಾಕ್ಷಿ ಹೇಳಿ ಹೊರಬಿದ್ದವರು ಅದೇ ಓಣಿಯಲ್ಲಿ ನಡೆದು ಮನೆಗೆ ಹೋಗಬೇಕು. ಪೇಟೆಯ ಕೋರ್ಟಿನಲ್ಲಾದರೆ ಯಾರ ಗುರುತೂ ಇಲ್ಲದ ಜನರ ನಡುವೆ ಒಂದು ಧೈರ್ಯವಿರುತ್ತದೆ, ಊರಲ್ಲಿ ಅದಿಲ್ಲ. ದಾಖಲೆ, ಮುದ್ದೆಮಾಲು ಇಡಲು ಬೀಗದ ಕೋಣೆ ಬೇಕು. ಅದರ ಕೀಲಿ ಕೋರ್ಟಿನವರ ಕೈಯಲ್ಲೇ ಇರಬೇಕು. ಸಾಕ್ಷಿಗಳಿಗೆ ಬೇರೆ ಕೋಣೆ, ಹೊರಗೆ ಪೊಲೀಸರು.

ನ್ಯಾಯಾಧಿಕಾರಿಯ ರಕ್ಷಣೆಯೂ ಸಣ್ಣ ಮಾತಲ್ಲ. 2021ರ ಜುಲೈನಲ್ಲಿ ಜಾರ್ಖಂಡದ ಧನಬಾದ್‌ನಲ್ಲಿ ಬೆಳಗಿನ ವಾಕಿಂಗ್‌ಗೆ ಹೋಗಿದ್ದ ನ್ಯಾಯಾಧೀಶ ಉತ್ತಮ್ ಆನಂದ್ ಅವರಿಗೆ ಆಟೋ ಗುದ್ದಿಸಿ ಕೊಂದರು. ಅದು ಜಿಲ್ಲಾ ಕೇಂದ್ರದಲ್ಲಿ, ಸಿಸಿಟಿವಿ ಇದ್ದ ರಸ್ತೆಯಲ್ಲಿ. ಹಳ್ಳಿಯಲ್ಲಿ ತೀರ್ಪು ಕೊಟ್ಟು ಸಂಜೆ ಹೊರಡುವ ಜೀಪಿನ ಹಿಂದೆ ಯಾರಿರುತ್ತಾರೆ? ಪೊಲೀಸರು ಈ ಕೋರ್ಟಿಗೆ ನೆರವಾಗಬೇಕು ಅಂತ ಕಾಯ್ದೆ ಹೇಳುತ್ತದೆ. ಆದರೆ ಬಂದೋಬಸ್ತಿಗೆ ಬೇಕಾಗುವ ಕಾನ್‌ಸ್ಟೇಬಲ್‌ಗಳಿಗೆ 18 ಲಕ್ಷದಲ್ಲಿ ಸಾಲಿಲ್ಲ.

ಕಳೆದ ಸಲ ಹೋದಾಗ ಇಷ್ಟನ್ನೂ ಕಾಕಾರಿಗೆ ಹೇಳಿ, ನಮ್ಮ ಸುದ್ದಿ ತಪ್ಪಿತ್ತು ಅಂತಲೂ ಹೇಳಿದೆವು. ಎಲೆ ಅಡಿಕೆ ಜಗಿಯುತ್ತಾ ಕೇಳಿಸಿಕೊಂಡರು.

“ಹಂಗಾದ್ರ ಬಿಲ್ಡಿಂಗ್ ಯಾಕ ಕೇಳಬೇಕು? ಜೀಪ್ ಕೇಳೂಣು. ಎಣ್ಣಿಗೆ ರೊಕ್ಕ ಯಾರ ಕೊಡ್ತಾರ, ಅದನ್ನೂ ಕೇಳೂಣು.”

“ಪೊಲೀಸರನ್ನ?”

“ಅವರನ್ನೂ. ಬೀಗದ ಖೋಲಿ ಅಂದ್ಯಲ್ಲ, ಅದನ್ನೂ ಬರಿ.”

ಬರೆಯಲು ಹಾಳೆ ಇರಲಿಲ್ಲ. ಕಿಸೆಯಿಂದ ಆ ಕಟಿಂಗ್ ತೆಗೆದು ಕೊಟ್ಟರು. ಹಿಂಬದಿಯಲ್ಲಿ ಯಾವುದೋ ಬೀಜದ ಕಂಪನಿಯ ಜಾಹೀರಾತು, ಸುತ್ತ ಒಂದಿಷ್ಟು ಖಾಲಿ ಜಾಗ. ಅಲ್ಲೇ ನಾಲ್ಕು ಸಾಲು ಬರೆದುಕೊಟ್ಟೆವು. ಮುಂದಿನ ಗ್ರಾಮಸಭೆಗೆ ಒಯ್ಯುತ್ತಾರಂತೆ. ನಮಗೂ ಬರಲು ಹೇಳಿದ್ದಾರೆ, ಈ ಸಲ ಪೂರ್ತಿ ಕೇಳಿಸಿಕೊಂಡು ಬರೀ ಅಂತ.