ಅಂಗೈಯಗಲದ ರಬ್ಬರು

ದೊಡ್ಡ ಸಂಸಾರಗಳಲ್ಲಿ ಎಲ್ಲರ ಭಾರವನ್ನೂ ಎಲ್ಲರ ಸಿಡುಕನ್ನೂ ತಾನೇ ನುಂಗಿಕೊಂಡು, ಯಾರ ಕಣ್ಣಿಗೂ ಬೀಳದೆ ಇದ್ದುಬಿಡುವ ಒಬ್ಬ ಸೋದರತ್ತೆಯೋ ಚಿಕ್ಕಮ್ಮನೋ ಇರುವುದುಂಟು. ಆಕೆ ನಾಲ್ಕು ದಿನ ಊರಿಗೆ ಹೋದಾಗಲೇ ಮನೆಯ ಪಾತ್ರೆಪಡಗಗಳೆಲ್ಲ ಸದ್ದು ಮಾಡತೊಡಗುವುದು. ಮೋಟಾರು ಕಾರಿನಲ್ಲಿ ಈ ಸ್ಥಾನವು ಅಂಗೈಯಗಲದ ಒಂದು ರಬ್ಬರಿನ ತುಂಡಿಗೆ ಸಂದಿದೆ. ಪುಸ್ತಕಗಳಲ್ಲಿ ಅದರ ಹೆಸರು ಎಂಜಿನ್ ಮೌಂಟಿಂಗ್. ಮೆಕ್ಯಾನಿಕ್ಕುಗಳ ಬಾಯಲ್ಲಿ ಫೌಂಡೇಶನ್. ಎರಡು ಉಕ್ಕಿನ ತಗಡುಗಳ ನಡುವೆ ಬೆಸೆದ ರಬ್ಬರು, ಅಷ್ಟೆ. ಇಂಥ ಮೂರೋ ನಾಲ್ಕೋ ತುಂಡುಗಳ ಮೇಲೆ ಎಂಜಿನ್ ಕುಳಿತಿರುತ್ತದೆ.

ಮೋಟಾರಿನ ಆದಿಕಾಲದಲ್ಲಿ ಈ ಸುಖವಿರಲಿಲ್ಲ. ಎಂಜಿನ್ನನ್ನು ಚೌಕಟ್ಟಿಗೆ ಗಟ್ಟಿಯಾಗಿ ಬಿಗಿದುಬಿಡುತ್ತಿದ್ದರು. ಅದರ ನಡುಕವೆಲ್ಲ ನೇರವಾಗಿ ಕುಳಿತವರ ಬೆನ್ನೆಲುಬಿಗೆ ಬರುತ್ತಿತ್ತು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆಯವರು ತಮ್ಮ ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರಿನ ಮೇಲೆ ತೇಲುವಂತೆ ಕೂರಿಸಿ, ಅದಕ್ಕೆ ‘ಫ್ಲೋಟಿಂಗ್ ಪವರ್’ ಎಂದು ಹೆಸರಿಟ್ಟರು. ಮರುವರ್ಷ ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯವರು ಆ ಹಕ್ಕನ್ನು ಕೊಂಡು, ತಮ್ಮ ಕಾರುಗಳ ಮುಂಭಾಗದಲ್ಲಿ ಈಜುವ ಹಂಸದ ಚಿಹ್ನೆಯನ್ನು ಇಟ್ಟರು. ಗಡಗಡ ನಡುಗುವ ಯಂತ್ರಕ್ಕೆ ಹಂಸದ ಉಪಮೆ! ಜಾಹೀರಾತಿನವರ ಧೈರ್ಯವನ್ನು ಮೆಚ್ಚಬೇಕು.

ಬೆಂಗಳೂರಿನ ಹನುಮಂತನಗರದ ನಿವೃತ್ತ ಮೇಷ್ಟ್ರೊಬ್ಬರ ಮನೆಯ ಹಂಸಕ್ಕೆ ಇತ್ತೀಚೆಗೆ ಚಳಿಜ್ವರ ಬಂದಿತ್ತು. ಅದು 2005ರ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, ಮಧ್ಯಮ ವರ್ಗದವರ ಮನೆಬಾಗಿಲಿಗೆ ಕಾರೆಂಬುದನ್ನು ತಂದು ನಿಲ್ಲಿಸಿದ ಈ ಪುಟ್ಟ ವಾಹನದ ತಯಾರಿಕೆ 2014ರ ಜನವರಿಯಲ್ಲಿ ನಿಂತುಹೋಯಿತು. ಮೇಷ್ಟ್ರು ಮಾತ್ರ ತಮ್ಮ ಕಾರನ್ನು ಬಿಟ್ಟಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡಿಯೊಳಗಿನ ಬಸ್ಸು ಎರಡಾಗಿ ಕಾಣುತ್ತಿತ್ತು. ಗೇರು ಹಾಕಿ ಕ್ಲಚ್ ಬಿಟ್ಟೊಡನೆ ಒಳಗಿನಿಂದ ‘ಧಡ್’ ಎಂಬ ಗುದ್ದು ಕೇಳುತ್ತಿತ್ತು. ಮೇಷ್ಟ್ರ ತಾಯಿಗೆ ಎಂಬತ್ತನಾಲ್ಕು ವರ್ಷ. ಜಾರಿ ಬಿದ್ದು ಸೊಂಟದ ಶಸ್ತ್ರಚಿಕಿತ್ಸೆಯಾಗಿ, ವಾರಕ್ಕೆರಡು ಬಾರಿ ವ್ಯಾಯಾಮ ಚಿಕಿತ್ಸೆಗೆ ಹೋಗಬೇಕಾಗಿತ್ತು. ಆಟೋರಿಕ್ಷಾದ ಕುಲುಕಾಟ ಆಕೆಗೆ ಆಗದು. ಈಗ ಕಾರೂ ಆಟೋವಿನಂತೆಯೇ ಆಗಿತ್ತು. “ನಾನು ಮನೆಯಲ್ಲೇ ಇರ್ತೀನಿ ಕಣೋ, ನಡೆದು ಎಲ್ಲಿಗೆ ಹೋಗಬೇಕಾಗಿದೆ ನನಗೆ?” ಎಂದು ಆಕೆ ಎರಡು ವಾರ ಚಿಕಿತ್ಸೆಯನ್ನೇ ತಪ್ಪಿಸಿದ್ದರು. ನಡೆಯುವುದನ್ನು ಬಿಟ್ಟ ವೃದ್ಧರು ಮತ್ತೆ ನಡೆಯುವುದು ಕಷ್ಟವೆಂಬುದನ್ನು ಮನೆಯವರೆಲ್ಲ ಬಲ್ಲರು, ಆದರೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ವರ್ಕ್‌ಷಾಪಿನವನು ಬಾನೆಟ್ ಎತ್ತಿ, ಇಳಿಸಿ, “ಎಂಜಿನ್ ಬಿಚ್ಚಬೇಕು ಸಾರ್, ಮೂವತ್ತು ಸಾವಿರ ಇಟ್ಕೊಳ್ಳಿ” ಎಂದ. ಹಳೆಯ ಕಾರುಗಳ ದಲ್ಲಾಳಿ ಅದಕ್ಕಿಂತ ಕಡಿಮೆ ಹಣಕ್ಕೆ ಇಡೀ ಕಾರನ್ನೇ ಕೇಳಿದ. ಹದಿನೈದು ವರ್ಷ ತುಂಬಿದ ಕಾರನ್ನು ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೊಡ್ಡಿ ನೋಂದಣಿ ನವೀಕರಿಸಬೇಕಷ್ಟೆ. ಆ ಓಡಾಟವನ್ನು ನೆನೆದ ಮೇಷ್ಟ್ರ ಪತ್ನಿಯೂ ದಲ್ಲಾಳಿಯ ಪಕ್ಷವನ್ನೇ ವಹಿಸಿದರು.

ಅಡ್ಡ ಬಂದವಳು ಮಗಳು. ಆಕೆ ಓದಿದ್ದು ವಾಣಿಜ್ಯಶಾಸ್ತ್ರ. ಆದರೆ ಬಿಚ್ಚಿ ಜೋಡಿಸುವ ಚಪಲ ಹುಟ್ಟಿನಿಂದ ಬಂದದ್ದು. “ಅಪ್ಪಾ, ಬ್ರೇಕನ್ನು ಬಲವಾಗಿ ತುಳಿದು, ಮೊದಲನೆಯ ಗೇರಿನಲ್ಲಿ ಕ್ಲಚ್ಚನ್ನು ಸ್ವಲ್ಪವೇ ಬಿಡಿ. ಆಮೇಲೆ ರಿವರ್ಸಿನಲ್ಲಿ ಹಾಗೆಯೇ ಮಾಡಿ” ಎಂದು ಹೇಳಿ, ತಾನು ತೆರೆದ ಬಾನೆಟ್ಟಿನ ಪಕ್ಕಕ್ಕೆ, ಕಾರಿನ ದಾರಿಗೆ ಅಡ್ಡವಾಗದಂತೆ ನಿಂತಳು. ಸ್ವಸ್ಥವಾದ ಎಂಜಿನ್ ಆಗ ಒಂದಿಷ್ಟು ಅಲುಗುತ್ತದೆ. ಇದು ಮಲಗಿದ್ದ ಎಮ್ಮೆ ಎದ್ದಂತೆ ಒಂದು ಪಕ್ಕದಲ್ಲಿ ಮೇಲೆದ್ದಿತು. ಟಾರ್ಚು ಬಿಟ್ಟು ನೋಡಿದರೆ ಒಂದು ಮೌಂಟಿಂಗಿನ ರಬ್ಬರು ತಗಡಿನಿಂದ ಬಿಟ್ಟುಕೊಂಡು, ಎಣ್ಣೆ ಕುಡಿದು ಉಬ್ಬಿ, ಒದ್ದೆಯಾದ ಬಿಸ್ಕತ್ತಿನಂತಾಗಿತ್ತು.

ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲಿ ನಿಮಿಷಕ್ಕೆ 900 ಸುತ್ತು ತಿರುಗಿದರೆ ಅದರೊಳಗೆ 1,350 ಸಿಡಿತಗಳಾಗುತ್ತವೆ. ಎಂದರೆ ಸೆಕೆಂಡಿಗೆ ಇಪ್ಪತ್ತೆರಡಕ್ಕೂ ಹೆಚ್ಚು. ಅದಲ್ಲದೆ ಮೂರು ಸಿಲಿಂಡರಿನ ಸಾಲಿಗೆ ಈ ತುದಿಯಿಂದ ಆ ತುದಿಗೆ ತೂಗುವ ಸ್ವಭಾವವೂ ಇದೆ. ಇಷ್ಟನ್ನೂ ರಬ್ಬರು ಹಿಗ್ಗಿ ಕುಗ್ಗಿ, ಅಷ್ಟಷ್ಟೆ ಬಿಸಿಯಾಗಿ ಅರಗಿಸಿಕೊಳ್ಳುತ್ತದೆ. ಶಾಖದಿಂದ ಅದು ಬರಬರುತ್ತ ಒರಟಾಗುತ್ತದೆ. ಎಣ್ಣೆ ತೊಟ್ಟಿಕ್ಕಿದರಂತೂ ಆಯುಸ್ಸೇ ಮುಗಿಯಿತು.

ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹೊಸದು ಸಿಕ್ಕಿತು. ಬೆಲೆ, ಮನೆಮಂದಿ ಒಂದು ಹೊತ್ತು ಹೋಟೆಲಿನಲ್ಲಿ ಉಂಡಷ್ಟು.

ಭಾನುವಾರ ಕೆಲಸ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದರು. ಸಮನೆಲದ ಮೇಲೆ ಕಾರನ್ನು ನಾಲ್ಕು ಚಕ್ರಗಳ ಮೇಲೆಯೇ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಇಟ್ಟಿಗೆ ಕೊಟ್ಟರು. ಬ್ಯಾಟರಿಯ ಋಣತಂತಿಯನ್ನು ಕಳಚಿದರು. ಎಂಜಿನ್ ತಣ್ಣಗಿತ್ತು. ಪಕ್ಕದ ಮನೆಯಿಂದ ತಂದ ಗಾಲಿಜಾಕಿಯನ್ನು ಆಯಿಲ್ ಚೇಂಬರಿನ ಕೆಳಗೆ ತಳ್ಳಿ, ನಡುವೆ ದಪ್ಪನೆಯ ಅಗಲವಾದ ಮರದ ಹಲಗೆಯನ್ನಿಟ್ಟರು. ಈ ಹಲಗೆಯ ವಿಷಯದಲ್ಲಿ ಆತುರಪಟ್ಟವರು ತೆಳು ತಗಡಿನ ಚೇಂಬರನ್ನು ನಗ್ಗಿಸಿ, ನೂರು ರೂಪಾಯಿಯ ಕೆಲಸವನ್ನು ಸಾವಿರದ್ದಾಗಿಸುತ್ತಾರೆ. ಜಾಕಿ ಎತ್ತಬೇಕಾದದ್ದು ಕಾರನ್ನಲ್ಲ, ಎಂಜಿನ್ನನ್ನು. ಅದೂ ಹರಿದ ಮೌಂಟಿಂಗಿನ ಮೇಲಿನ ಭಾರ ಹಗುರವಾಗುವಷ್ಟೇ. ಹೆಚ್ಚು ಎತ್ತಿದರೆ ನೀರಿನ ಕೊಳವೆಗಳೂ ಸೈಲೆನ್ಸರಿನ ಕೊಳವೆಯೂ ಸೆಟೆದುಕೊಳ್ಳುತ್ತವೆ.

ಎರಡು ಬೋಲ್ಟುಗಳು ವಿಧೇಯವಾಗಿ ಬಂದವು. ಮೂರನೆಯದು ಬರಲಿಲ್ಲ. ಸ್ಪಾನರಿನ ಹಿಡಿಗೆ ಕಬ್ಬಿಣದ ಕೊಳವೆಯನ್ನು ಪೋಣಿಸಿ ಮಗಳು ಎಳೆದಳು. ಬೋಲ್ಟು ‘ಕಟ್’ ಎಂದಿತು. ಮುರಿಯಿತೋ ಸಡಿಲಿತೋ ಎಂದು ತಿಳಿಯುವವರೆಗಿನ ಕ್ಷಣದಲ್ಲಿ ಮೇಷ್ಟ್ರು ಮೂವತ್ತು ಸಾವಿರವನ್ನೂ ದಲ್ಲಾಳಿಯನ್ನೂ ಒಟ್ಟಿಗೆ ನೆನೆದರು. ಸಡಿಲಿತ್ತು. ಹಳೆಯ ತುಂಡು ಕೈಗೆ ಬಂದಾಗ ಎರಡು ಹೋಳಾಗಿಯೇ ಬಂದಿತು.

ಹೊಸದನ್ನು ಕೂರಿಸುವಾಗ ಒಂದು ರಂಧ್ರ ಎಳ್ಳಷ್ಟು ಅಡ್ಡವಾಯಿತು. ಮೇಷ್ಟ್ರು ಆ ಸಂದಿಗೆ ಬೆರಳಿಟ್ಟು ನೋಡಹೋದರು. “ಬೆರಳು ತೆಗೀರಿ ಅಪ್ಪಾ! ಜಾಕಿ ಜಾರಿದರೆ ಬೆರಳು ಉಳಿಯೋದಿಲ್ಲ” ಎಂದು ಮಗಳು ಗದರಿದಳು. ನಲವತ್ತು ವರ್ಷ ತರಗತಿಗಳನ್ನು ಗದರಿಸಿದ್ದವರು ಥಟ್ಟನೆ ಕೈ ಹಿಂತೆಗೆದರು. ಸುತ್ತಿಗೆಯನ್ನು ಮುಟ್ಟದೆ, ಜಾಕಿಯನ್ನು ಕೂದಲೆಳೆಯಷ್ಟು ಇಳಿಸಿ, ಹಾರೆಕೋಲಿನಿಂದ ಎಂಜಿನ್ನನ್ನು ಮೆಲ್ಲನೆ ಒತ್ತಿದಾಗ ಬೋಲ್ಟು ತಾನಾಗಿ ಒಳಹೊಕ್ಕಿತು. ಮೂರನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ ಹಿಡಿಸಿ, ಜಾಕಿಯನ್ನಿಳಿಸಿ, ಎಂಜಿನ್ನಿನ ಭಾರ ರಬ್ಬರಿನ ಮೇಲೆ ಸಹಜವಾಗಿ ಕುಳಿತ ಮೇಲೆ ಕೊನೆಯ ಬಿಗಿತ ಕೊಟ್ಟರು. ಮೊದಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಕಾರು ಹೊರಟಾಗ ಗುದ್ದು ಕೇಳಿಸಲಿಲ್ಲ. ನಡುಕ ಪೂರ್ತಿ ಹೋಗಲಿಲ್ಲ. ಮೂರು ಸಿಲಿಂಡರಿನಿಂದ ಅದನ್ನು ಬೇಡುವುದೂ ನ್ಯಾಯವಲ್ಲ. ಸೋಮವಾರ ಅಜ್ಜಿಯನ್ನು ಚಿಕಿತ್ಸೆಗೆ ಕರೆದೊಯ್ದರು. ಆಕೆ ಹೋಗುವಾಗ ಕಾರಿನ ಬಗ್ಗೆ ಏನೂ ಹೇಳಲಿಲ್ಲ, ಬರುವಾಗ ಗಾಂಧಿಬಜಾರಿನಲ್ಲಿ ನಿಲ್ಲಿಸಿ ಹೂವು ಕೊಳ್ಳಬೇಕೆಂದರು. ಕೋಲೂರಿಕೊಂಡು ತಾವೇ ಇಳಿದರು.

ಇನ್ನು ಉಳಿದದ್ದು, ಹಳೆಯ ರಬ್ಬರನ್ನು ಕೆಡಿಸಿದ ಎಣ್ಣೆಯ ಸೋರಿಕೆ. ಮೇಲ್ಮುಚ್ಚಳದ ಗ್ಯಾಸ್ಕೆಟ್ಟನ್ನು ಬದಲಿಸದಿದ್ದರೆ ಹೊಸದಕ್ಕೂ ಅದೇ ಗತಿ. ಮುಂದಿನ ಭಾನುವಾರವೇ ಆಗಲೆಂದು ತಂದೆ ಮಗಳು ನಿಶ್ಚಯಿಸಿದರು. ಅಂದು ತಮ್ಮ ಅಣ್ಣನ ಮನೆಯ ಗೃಹಪ್ರವೇಶವೆಂದೂ, ಉಗುರಿನ ಸಂದಿಯ ಕರಿ ಹೋಗುವವರೆಗೆ ಯಾರೂ ಬಾನೆಟ್ ಎತ್ತಕೂಡದೆಂದೂ ಮೇಷ್ಟ್ರ ಪತ್ನಿ ತಿಳಿಸಿದರು.