ಕಳೆದ ಹೊತ್ತು

ಹೊತ್ತೇ ಹೋಗುವುದಿಲ್ಲ ಎಂದು ಗೊಣಗುವವರೂ ನಾವೇ, ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದು ಬೆರಗಾಗುವವರೂ ನಾವೇ. ಈ ಎರಡು ಮಾತನ್ನೂ ಒಂದೇ ಕೋಣೆಯಲ್ಲಿ ಕೇಳುವ ಯೋಗ ನನಗೆ ಬಂತು.

ನನ್ನಾಕೆಗೆ ಕಿಮೋಥೆರಪಿ ನಡೆಯುತ್ತಿದ್ದ ದಿನಗಳು. ಪ್ರತಿ ಸಲವೂ ಮೂರು ಗಂಟೆ. ಹನಿ ಹನಿಯಾಗಿ ಔಷಧಿ ಇಳಿಯುವುದನ್ನು ಅವಳು ಎಣಿಸುವಳು. ನಾನು ಗೋಡೆ ಗಡಿಯಾರ ನೋಡುವೆ. "ರೀ, ಎಷ್ಟಾಯ್ತು?" ಎಂದು ಮತ್ತೆ ಮತ್ತೆ ಕೇಳುವಳು.

ನಾಲ್ಕನೆಯ ಸಲ ಮೊಮ್ಮಗ ತನ್ನ ವರ್ಚುವಲ್ ರಿಯಾಲಿಟಿ ಕನ್ನಡಕ ತಂದ. ಕನ್ನಡಕವೆಂಬುದು ಹೆಸರಿಗೆ, ಗಾಣದೆತ್ತಿನ ಕಣ್ಣುಪಟ್ಟಿಯ ಹಾಗಿತ್ತು. ನರ್ಸಮ್ಮನನ್ನು ಕೇಳಿ ಅಜ್ಜಿಯ ತಲೆಗೆ ಕಟ್ಟಿದ. ಅವಳು ಸಮುದ್ರದೊಳಕ್ಕೆ ಇಳಿದಳು. ಮೀನು ಹಿಡಿಯಲು ಸೂಜಿಯಿಲ್ಲದ ಕೈ ಚಾಚಿದಳು. ಮುಕ್ಕಾಲು ಗಂಟೆಯ ಮೇಲೆ ಬಿಚ್ಚಿದರೆ, "ಹತ್ತು ನಿಮಿಷಕ್ಕೇ ತೆಗೆದೆಯೇನೋ?" ಎಂದು ಅವನನ್ನು ಗದರಿದಳು.

ಇದು ಅವಳೊಬ್ಬಳ ಭ್ರಮೆಯಲ್ಲ ಎಂದು ಆಮೇಲೆ ಓದಿ ತಿಳಿದೆ. ಕಿಮೋಥೆರಪಿಯ ಹೊತ್ತು ಇಂಥ ಕನ್ನಡಕದಿಂದ ಕಿರಿದೆನಿಸುವುದನ್ನು ಅಮೆರಿಕದ ಸೂಸನ್ ಶ್ನೈಡರ್ ಮೊದಲೇ ಬರೆದಿದ್ದರು. ಕ್ಯಾಲಿಫೋರ್ನಿಯದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದ ಮಲನ್ ಮತ್ತು ಡೇವಿಡೆಂಕೊ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ಚಕ್ರವ್ಯೂಹದ ಆಟವಾಡುತ್ತ 5 ನಿಮಿಷವಾಯಿತೆನಿಸಿದಾಗ ನಿಲ್ಲಿಸಬೇಕಿತ್ತು. ಮೊದಲು ಕನ್ನಡಕ ಧರಿಸಿ ಆಡಿದವರು, ಮೊದಲು ಸಾಧಾರಣ ಪರದೆಯಲ್ಲಿ ಆಡಿದವರಿಗಿಂತ ಸರಾಸರಿ 72.6 ಸೆಕೆಂಡು ತಡವಾಗಿ ನಿಲ್ಲಿಸಿದರಂತೆ. ಕನ್ನಡಕದೊಳಗೆ ನಮ್ಮ ಮೈ ನಮಗೆ ಕಾಣುವುದಿಲ್ಲ. ಮೈಯ ಪರಿವೆ ಕುಂದಿದಾಗ ಕಾಲದ ಲೆಕ್ಕವೂ ತಪ್ಪುತ್ತಿರಬಹುದು ಎಂಬುದು ಅವರ ಊಹೆ.

ಭಾಗವತದ ಕಕುದ್ಮಿ ನೆನಪಾದ. ಮಗಳಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಾನ ಮುಗಿಯಲೆಂದು ಕ್ಷಣ ಕಾದ. ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು. ಅವನು ಮನಸ್ಸಿನಲ್ಲಿ ಆರಿಸಿಟ್ಟಿದ್ದ ವರರಲ್ಲಿ ಒಬ್ಬನೂ ಉಳಿದಿರಲಿಲ್ಲ.

ನನಗೆ ಭಯವಾದದ್ದು ಇಲ್ಲಿಯೇ. ಇನ್ನೆಷ್ಟು ಕಾಲ ಎಂದು ಡಾಕ್ಟರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಉಳಿದಿರುವುದೇ ಸ್ವಲ್ಪವಾದರೆ, ಮುಕ್ಕಾಲು ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿದ್ದು ಉಪಕಾರವೋ ಕಳ್ಳತನವೋ? ತಡೆಯಲಾರದೆ ಅವಳಿಗೇ ಹೇಳಿದೆ.

"ಆ ಕುರ್ಚಿಯ ಹೊತ್ತನ್ನು ಯಾರು ಬೇಕಾದರೂ ಕದಿಯಲಿ ರೀ," ಎಂದಳು. "ಮನೆಯ ಹೊತ್ತನ್ನು ಮಾತ್ರ ಮುಟ್ಟಬಾರದು."

ಈಗ ಅವಳು ಜಗಲಿಯ ಮೇಲೆ ಕುಳಿತು ಅವರೆಕಾಳು ಹಿದುಕುತ್ತಾಳೆ, ಬಲು ನಿಧಾನವಾಗಿ. ನಾನು ಎದುರು ಕೂರುತ್ತೇನೆ. ಎಷ್ಟಾಯ್ತು ಎಂದು ಇಬ್ಬರೂ ಕೇಳುವುದಿಲ್ಲ.