ಘಟ್ಟದ ಮೇಲಿನವರ ಕಡಲು

ಇಂಗ್ಲೆಂಡಿನ ಕಡಲತೀರದ ಹಳೆಯ ಛಾಯಾಚಿತ್ರಗಳಲ್ಲಿ ಬ್ಲಾಕ್‌ಪೂಲ್ ಪಟ್ಟಣದವು ಬಲು ಮನೋಹರವಾದುವು. ಕಬ್ಬಿಣದ ಕಂಬಗಳ ಮೇಲೆ ನಿಂತು, ಸಮುದ್ರದೊಳಕ್ಕೆ ಬಹುದೂರ ಚಾಚಿಕೊಂಡಿರುವ ವಿಹಾರದ ಧಕ್ಕೆ; ಅದರ ಮೇಲೆ ಹ್ಯಾಟು ತೊಟ್ಟ ಗಂಡಸರು, ನೆಲ ಗುಡಿಸುವ ಲಂಗದ ಹೆಂಗಸರು; ಕೆಳಗೆ ಮರಳಿನಲ್ಲಿ ಕತ್ತೆಯ ಸವಾರಿಗಾಗಿ ಕಾದು ನಿಂತ ಮಕ್ಕಳು. ಗಾಲಿಗಳ ಮೇಲಿನ ಪುಟ್ಟ ಮರದ ಕೋಣೆಗಳೂ ಆ ಕಾಲದ ಚಿತ್ರಗಳಲ್ಲಿ ಕಾಣುತ್ತವೆ. ಅವುಗಳನ್ನು ಕುದುರೆಗಳು ನೀರಿಗೆ ಎಳೆದೊಯ್ಯುತ್ತಿದ್ದವು. ಒಳಗೆ ಬಟ್ಟೆ ಬದಲಿಸಿ, ಪರರ ಕಣ್ಣಿಗೆ ಬೀಳದಂತೆ ಸ್ನಾನಕ್ಕಿಳಿಯುವುದು ಅಂದಿನ ಮರ್ಯಾದೆ.

ಈ ಚಿತ್ರಗಳಿಗೂ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಈ ಮೂರೂ ಘಟ್ಟದ ಮೇಲಿನ ಊರುಗಳು. ಅಡಿಕೆಯ ತೋಟ, ದಟ್ಟವಾದ ಕಾಡು, ಎಡೆಬಿಡದ ಮಳೆ ಇವೇ ಅಲ್ಲಿನ ಸಂಪತ್ತು. ಆದರೂ ಅಲ್ಲಿನ ನೀರು ಬಹುಮಟ್ಟಿಗೆ ಕಡಲಿನ ಕಡೆಗೇ ಮುಖ ಮಾಡಿದೆ. ಶಿರಸಿಯ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ, ಸಿದ್ದಾಪುರದ ಕಾಡಿನಲ್ಲಿ ಉಂಚಳ್ಳಿಯ ಜಲಪಾತವಾಗಿ ಧುಮುಕಿ, ಕುಮಟೆಯ ಬಳಿ ಸಮುದ್ರವನ್ನು ಸೇರುತ್ತದೆ. ಯಲ್ಲಾಪುರದ ಮಾಗೋಡಿನಲ್ಲಿ ಬೀಳುವ ಬೇಡ್ತಿಯೇ ಘಟ್ಟದ ಕೆಳಗೆ ಗಂಗಾವಳಿಯೆನಿಸುತ್ತದೆ.

ನೀರು ಇಳಿದ ದಿಕ್ಕಿಗೇ ಮನುಷ್ಯನೂ ಇಳಿದ. ಶಿರಸಿಯವರಿಗೆ ದೇವಿಮನೆ ಘಟ್ಟ, ಸಿದ್ದಾಪುರದವರಿಗೆ ದೊಡ್ಡಮನೆ ಘಟ್ಟ, ಯಲ್ಲಾಪುರದವರಿಗೆ ಅರಬೈಲು ಘಟ್ಟ. ಅಡಿಕೆ, ಮೆಣಸು, ಏಲಕ್ಕಿಗಳು ಕೆಳಗಿಳಿದರೆ, ಸಾಣಿಕಟ್ಟೆಯ ಉಪ್ಪು, ಕರಾವಳಿಯ ತೆಂಗು ಮೇಲಕ್ಕೇರುತ್ತಿದ್ದವು. ಶಿವರಾತ್ರಿ ಬಂದರೆ ಗೋಕರ್ಣದಲ್ಲಿ ಸಮುದ್ರಸ್ನಾನ, ಮಹಾಬಲೇಶ್ವರನ ದರ್ಶನ. ಕಡಲಿಗೆ ಹೋಗುವುದೆಂದರೆ ಒಂದೋ ವ್ಯಾಪಾರ, ಇಲ್ಲವೇ ಪುಣ್ಯ. ವಿಹಾರವೆಂಬ ಮಾತು ಅಲ್ಲಿ ಹುಟ್ಟಿರಲಿಲ್ಲ.

ಈ ದಾರಿಗಳಲ್ಲಿ ಇಳಿದ ಸರಕುಗಳಲ್ಲಿ ಒಂದು ಮಾತ್ರ ಘಟ್ಟದ ಮೇಲಿನ ಸೀಮೆಯನ್ನು ಬ್ಲಾಕ್‌ಪೂಲಿನೊಡನೆ ಬೆಸೆಯಿತು. ಅದು ಹತ್ತಿ. ಹುಬ್ಬಳ್ಳಿ-ಧಾರವಾಡಗಳ ಬಯಲಿನ ಹತ್ತಿ ಶಿರಸಿಯ ಮಾರ್ಗವಾಗಿ ಎತ್ತಿನ ಗಾಡಿಗಳಲ್ಲಿ ಕುಮಟೆಗೆ ಬರುತ್ತಿತ್ತು. ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ಕುಮಟೆಯಲ್ಲಿ ಬೆಳೆಯದ ಆ ಹತ್ತಿಗೆ ಪರದೇಶದ ಪೇಟೆಯಲ್ಲಿ ಕುಮಟೆಯದೇ ಹೆಸರು ನಿಂತಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅಲ್ಲಿನ ಹತ್ತಿ ಬರುವುದು ನಿಂತು, ಲ್ಯಾಂಕಷೈರಿನ ಗಿರಣಿಗಳು ಮುಚ್ಚತೊಡಗಿದವು. ಲಕ್ಷಾಂತರ ಕೂಲಿಕಾರರು ಹಸಿವಿಗೆ ಸಿಕ್ಕಿದರು. ಗಿರಣಿಯವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರವನ್ನು ದೊಡ್ಡ ಬಂದರನ್ನಾಗಿಸುವ ಯತ್ನ ನಡೆಯಿತು. ಮ್ಯಾಂಚೆಸ್ಟರಿನ ವರ್ತಕರ ಕಂಪನಿಯೊಂದು ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡಕ್ಕೆ ಕಳುಹಿಸಿತು. ಆದರೆ ಬಂದರಿನ ಕೆಲಸವಾಗಲಿ, ಘಟ್ಟದ ರಸ್ತೆಯಾಗಲಿ ಇನ್ನೂ ಮುಗಿದಿರಲಿಲ್ಲ. ಹೊರೆಯೆಲ್ಲ ಎತ್ತುಗಳ ಹೆಗಲ ಮೇಲೆಯೇ ಉಳಿಯಿತು.

ಅದೇ ಬರಗಾಲದ ನಡುವೆ, 1863ರಲ್ಲಿ, ಬ್ಲಾಕ್‌ಪೂಲಿನ ಮೊದಲನೆಯ ಧಕ್ಕೆ ತೆರೆಯಿತು. ಪ್ರವೇಶಕ್ಕೆ ಎರಡು ಪೆನ್ನಿ. ಅದು ಉಳ್ಳವರ ಅಡ್ಡಾಟದ ಜಾಗ. ಯುದ್ಧ ಮುಗಿದು ಗಿರಣಿಗಳು ಮತ್ತೆ ತಿರುಗಿದ ಮೇಲೆ, 1868ರಲ್ಲಿ ಎರಡನೆಯದು ಬಂತು. ಅಲ್ಲಿ ಸಾಮಾನ್ಯರಿಗಾಗಿ ವಾದ್ಯ, ಬಯಲಿನಲ್ಲಿ ನರ್ತನ. 1893ರಲ್ಲಿ ಮೂರನೆಯದೂ ಎದ್ದಿತು. ಬೇಸಿಗೆಯಲ್ಲಿ ಒಂದೊಂದು ಊರಿನ ಗಿರಣಿಗಳು ಸರದಿಯಂತೆ ಒಂದು ವಾರ ಬಾಗಿಲು ಮುಚ್ಚುತ್ತಿದ್ದವು. ಊರಿಗೆ ಊರೇ ರೈಲು ಹತ್ತಿ ಬ್ಲಾಕ್‌ಪೂಲಿಗೆ ಬರುತ್ತಿತ್ತು. ವರ್ಷವಿಡೀ ಯಂತ್ರದ ಸದ್ದಿನಲ್ಲಿ, ಹತ್ತಿಯ ಧೂಳಿನಲ್ಲಿ ದುಡಿದವರು ಅವರು. ಆ ಸಂತೋಷ ಅವರು ಬೆವರು ಸುರಿಸಿ ಗಳಿಸಿದ್ದು.

ಅವರ ಬೇಸಿಗೆಯೆಂದರೆ ನಮ್ಮ ಮಳೆಗಾಲ. ಅಲ್ಲಿ ಧಕ್ಕೆಯ ಮೇಲೆ ಜನ ನಲಿಯುವ ಹೊತ್ತಿಗೆ ಇಲ್ಲಿ ಕಡಲು ಮೊರೆಯುತ್ತಿತ್ತು, ಹಡಗುಗಳ ಸಂಚಾರ ನಿಲ್ಲುತ್ತಿತ್ತು. ಆದುದರಿಂದ ಜೂನ್ ತಿಂಗಳಿಗೆ ಮೊದಲೇ ಗಾಡಿಗಳು ಘಟ್ಟ ಇಳಿಯಬೇಕು. ಮೊದಲ ಮಳೆ ನಡುದಾರಿಯಲ್ಲಿ ಹಿಡಿದರೆ ಹತ್ತಿ ನೆನೆಯಿತು, ಗಾಲಿ ಕೆಸರಿನಲ್ಲಿ ಹೂತಿತು, ವರ್ಷದ ದುಡಿಮೆ ಹೋಯಿತು. ಬ್ಲಾಕ್‌ಪೂಲಿನ ಚಿತ್ರಪಟದಲ್ಲಿ ಈ ಗಾಡಿಯವನಿಗೆ ಎಡೆಯಿಲ್ಲ. ನೂಲಿನ ಒಂದು ತುದಿ ಮಾತ್ರ ಅಲ್ಲಿ ಕಾಣುತ್ತದೆ. ಇನ್ನೊಂದು ತುದಿ ದೇವಿಮನೆಯ ತಿರುವುಗಳಲ್ಲಿದೆ.

1883ರಲ್ಲಿ ತರುಣ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ಕೆಲಕಾಲ ತಂಗಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ಕವಿ ಅಲ್ಲಿ ನಾಟಕವೊಂದನ್ನು ಬರೆದರು. ಇಂದು ಆ ತೀರಕ್ಕೆ ಅವರದೇ ಹೆಸರು. ಹೊರೆಯಿಲ್ಲದೆ, ಬರಿಯ ಕಣ್ಣು ತೆರೆದು ಆ ಕಡಲನ್ನು ನೋಡಲು ಬಂದ ಅತಿಥಿ ಅವರು. ಅದೇ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಗೋವೆಯ ಮರ್ಮಗೋವಾ ಬಂದರಿಗೆ ರೈಲುದಾರಿಯಾಯಿತು. ಹತ್ತಿ ಗಾಡಿಯನ್ನು ಬಿಟ್ಟು ರೈಲು ಹತ್ತಿತು. ಕುಮಟೆ, ಕಾರವಾರಗಳ ಬಂದರುಗಳ ಗದ್ದಲ ಕುಗ್ಗಿತು.

ಈಗ ರಜೆ ಬಂದಿತೆಂದರೆ ಘಟ್ಟದ ಮೇಲಿನ ಸಂಸಾರಗಳು ಬಸ್ಸು ಕಾರುಗಳಲ್ಲಿ ಗೋಕರ್ಣಕ್ಕೋ ಕುಮಟೆಗೋ ಇಳಿಯುತ್ತವೆ. ಹೊನ್ನಾವರದ ಕಾಸರಕೋಡಿನ ತೀರ 2020ರಲ್ಲಿ ಸ್ವಚ್ಛತೆಗಾಗಿ ಅಂತರರಾಷ್ಟ್ರೀಯ ನೀಲಿ ಧ್ವಜದ ಮನ್ನಣೆಯನ್ನೂ ಪಡೆಯಿತು. ವಿಹಾರ ಕೊನೆಗೂ ಈ ಕಡಲಿಗೆ ಬಂದಿದೆ. ಮೊಮ್ಮಕ್ಕಳು ಅಲೆಗಳತ್ತ ಓಡುತ್ತಾರೆ. ಅಜ್ಜಿ ಮಾತ್ರ ಬೊಗಸೆ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, ಕೈಮುಗಿದು, ಆಮೇಲೆ ಹೆಜ್ಜೆಯಿಡುತ್ತಾಳೆ. ಮಗ ತೆಗೆಯುವ ಚಿತ್ರದಲ್ಲಿ ಮಕ್ಕಳ ಆಟವೂ ಅಜ್ಜಿಯ ನಮಸ್ಕಾರವೂ ಒಟ್ಟಿಗೆ ಮೂಡುತ್ತವೆ. ಗಾಡಿಯವನು ಇಳಿದ ದಾರಿಯಲ್ಲೇ ಆ ಸಂಸಾರ ಸಂಜೆಗೆ ಮನೆಗೆ ಮರಳುತ್ತದೆ.